‘ಅಮ್ಮ ಬಂದ್ಳು’ ಎಂಬ ಬಾಸ್

ಮಾರ್ಚ್ 4, ಮಂಗಳವಾರ
ರಿಪೇರಿ ಅಂಗಡಿಯ ಬೆಂಚಿನ ಮೇಲಿಂದ

ನನ್ನ ಮರೀ,

ನಿನ್ನ ಪತ್ರ ಬಂದು ಐದು ವಾರವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಮೊದಲು ಬೈದು ಮುಗಿಸು, ಆಮೇಲೆ ಮುಂದೆ ಓದು. ‘ನಾವೆಲ್ಲ ಕ್ಷೇಮ’ ಎಂದು ಶುರು ಮಾಡಲು ಹೊರಟೆ. ನಾವೆಲ್ಲ ಎಂದರೆ ಈಗ ನಾನೊಬ್ಬಳೇ ಎಂದು ಹೊಳೆದು ಪೆನ್ನು ಅಲ್ಲೇ ನಿಂತಿತು. ಇರಲಿ. ನಾನು ಕ್ಷೇಮವೂ ಅಲ್ಲ, ಬಿಡು. ಜನವರಿ ಕೊನೆಯಲ್ಲಿ ಕೆಳಗೆ ಅಂಗಡಿಗೆ ಇಳಿಯುವ ಮೆಟ್ಟಿಲ ಮೇಲೆ ಜಾರಿ ಬಿದ್ದೆ, ನೆಲ ಒದ್ದೆಯಿತ್ತು. ಬಲಗಾಲಿನ ಮಂಡಿಚಿಪ್ಪು ಒಡೆಯಿತು. ಮೇಲಿನ ಡ್ರೈಕ್ಲೀನಿಂಗ್ ಅಂಗಡಿಯವಳು ಯಾರದೋ ಕೋಟನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಳು. ‘ಮಿಲಿಟರಿಯವ್ರ ಥರ ಧಡಧಡ ಇಳೀತೀರಲ್ಲ ಅಕ್ಕಾ, ಒಂದಲ್ಲ ಒಂದು ದಿನ ಹಿಂಗಾಗುತ್ತೆ ಅಂತ ನಂಗೊತ್ತಿತ್ತು’ ಎಂದಳು. ಗೊತ್ತಿದ್ದರೆ ಮೊದಲೇ ಹೇಳಬಾರದಿತ್ತೇ ಮಹಾತಾಯಿ! ಈಗ ಕೋಲು ಹಿಡಿದಿದ್ದೇನೆ. ಮೆಟ್ಟಿಲನ್ನು ಮಾತ್ರ ಕೂತುಕೊಂಡೇ, ಮಕ್ಕಳ ಹಾಗೆ, ಒಂದೊಂದಾಗಿ ಇಳಿಯುತ್ತೇನೆ. ನೀನು ಓಡಿ ಬರುತ್ತೀಯ ಎಂದು ಹೇಳಿರಲಿಲ್ಲ. ಈಗಲೂ ಓಡಿ ಬರಬೇಡ. ಹಗಲೆಲ್ಲ ಹಲ್ಲಿನ ಡಾಕ್ಟರ ಬಳಿ ಕೂತು ಹಲ್ಲಿನ ಅಚ್ಚು ತಿದ್ದುವವಳು ನೀನು. ರಜೆ ಸಿಗುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಏಪ್ರಿಲ್ ಹನ್ನೆರಡಕ್ಕೆ ಆ ಹಳೆಯ ಗೋದಾಮಿನ ಹಾಲ್‌ನಲ್ಲಿ ನಿನಗೆ ಸಂಗೀತ ನುಡಿಸಲು ಒಂದು ಗಂಟೆ ಕೊಟ್ಟಿದ್ದಾರೆ. ನಿನ್ನ ಅಣ್ಣ ಹೋಗಿ ಅಂದಿಗೆ ಎರಡು ವರ್ಷ. ಅವನು ಅರ್ಧಕ್ಕೆ ಬಿಟ್ಟ ಹಾಡನ್ನು ಅವತ್ತು ಮುಗಿಸಿ ಜನರನ್ನು ಕುಣಿಸಬೇಕು ಎಂದು ನಿನ್ನ ಆಸೆ. ಓದಿ ನನಗೆ ಖುಷಿಯಾಯಿತು. ‘ಅಣ್ಣನ ಸಿಂಥ್ ನಿನ್ನ ಹತ್ರಾನೇ ಇರ್ಲಿ ಅಮ್ಮಾ, ನಂಗೆ ಬೇಡ, ಇನ್ನು ಕೇಳಲ್ಲ’ ಎಂದು ಬರೆದಿದ್ದೀಯ. ಎರಡು ವರ್ಷದಲ್ಲಿ ನಾಲ್ಕು ಸಲ ನೀನು ಅವನು ಸದ್ದು ಕಟ್ಟುತ್ತಿದ್ದ ಆ ಕೀಬೋರ್ಡನ್ನು ಕೇಳಿದೆ, ನಾಲ್ಕು ಸಲವೂ ನಾನು ಅದು ಮನೆ ಬಿಟ್ಟು ಹೋಗಕೂಡದು ಎಂದೆ. ಈಗ ನೀನೇ ಹೊಸದೊಂದು ಕೊಳ್ಳುತ್ತೀಯ. ನನ್ನಿಂದ ನಿನಗೆ ಬೇಕಾದದ್ದು ಎರಡೇ: ಯಾವುದನ್ನು ಕೊಳ್ಳಬೇಕು ಎಂಬ ಸಲಹೆ, ಮತ್ತು ಅಣ್ಣನ ಸಿಂಥ್‌ನಲ್ಲಿರುವ ಆ ಒಂದು ಬಾಸ್, ಹಾಡಿನ ತಳದಲ್ಲಿ ಗುಮ್ಮೆನ್ನುವ ಆ ಸದ್ದು. ಯಾವ ನಾಬ್ ಎಷ್ಟರಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು, ಹೋಲಿಸಿ ನೋಡಲು ಒಂದು ರೆಕಾರ್ಡಿಂಗ್ ಮಾಡಿ ಕಳಿಸಿದರೆ ಹೊಸದರಲ್ಲಿ ನೀನೇ ಕಟ್ಟಿಕೊಳ್ಳುತ್ತೀಯ. ನಿನ್ನ ಫೋನಿನಲ್ಲಿರುವ ಹಾಡಿನಲ್ಲಿ ಜನರ ಕೂಗು ಬಿಟ್ಟರೆ ಏನೂ ಇಲ್ಲ, ಬಾಸ್ ಹಿಡಿಯುವಷ್ಟು ದೊಡ್ಡ ಕಿವಿ ಫೋನಿಗೆಲ್ಲಿ ಬರಬೇಕು.

ಮೊದಲು ಸಲಹೆ. ನಿನ್ನ ಪಟ್ಟಿಯಲ್ಲಿ ಮೊದಲನೆಯದು ಆ ದೊಡ್ಡದು, ಸಾವಿರ ಸದ್ದು ತುಂಬಿಕೊಂಡು ಬರುವುದು, ನಡುವೆ ಟಿವಿಯ ಹಾಗೆ ಪರದೆ ಇರುವುದು. ಹೊಸ ವರ್ಷದ ಹೊತ್ತಿಗೆ ಅಂಥದ್ದೇ ಒಂದನ್ನು ಗಡ್ಡದವನು ರಿಪೇರಿಗೆ ತಂದಿದ್ದ. ನಿನಗೆ ನೆನಪಿರಬೇಕು, ಯಾವಾಗಲೂ ಸಿಂಥ್ ಮೇಲೆ ಬಿಯರ್ ಚೆಲ್ಲಿಕೊಂಡು ಬರುವವನು. ಕೀಗಳ ಸಂದಿಯಿಂದ ಅಂಟು ಒರೆಸುತ್ತಾ ಕೇಳಿದೆ, ಹೇಗಿದೆಯಪ್ಪ ಇದು ಎಂದು. ‘ಇದ್ರಲ್ಲಿ ಎಲ್ಲಾ ಇದೆ ಮೇಡಂ. ಎಲ್ಲಿದೆ ಅಂತ ಮಾತ್ರ ಗೊತ್ತಿಲ್ಲ’ ಎಂದ. ಅಷ್ಟೇ ನೋಡು ಅದರ ಕಥೆ. ಬಾಸನ್ನು ಒಂದು ಚೂರು ಮಬ್ಬು ಮಾಡಬೇಕಾದರೆ ನಾಲ್ಕು ಪುಟ ತಿರುವಬೇಕು. ಎದುರಿಗೆ ಮುನ್ನೂರು ಜನ ಕುಣಿಯುತ್ತಿರುವಾಗ ನೀನು ತಲೆ ಬಗ್ಗಿಸಿಕೊಂಡು ಪುಟ ತಿರುವುತ್ತಾ ನಿಂತಿರುತ್ತೀಯ. ಅದು ಬೇಡ.

ಎರಡನೆಯದು ಎಂಟು ಸ್ವರ ಒಟ್ಟಿಗೆ ನುಡಿಯುವ ಅನಲಾಗ್. ಒಳ್ಳೆಯದು, ಸುಳ್ಳು ಹೇಳುವುದಿಲ್ಲ. ಫಿಲ್ಟರ್ ತೆರೆದರೆ ಬಾಗಿಲು ತೆರೆದ ಹಾಗೆ ಸದ್ದು ಹೊರಗೆ ಬರುತ್ತದೆ. ಐನೂರು ಸದ್ದು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಮೊದಲಾಗಿದ್ದರೆ ಕಣ್ಣು ಮುಚ್ಚಿಕೊಂಡು ತಗೊ ಎನ್ನುತ್ತಿದ್ದೆ.

ಈಗ ಹೇಳುತ್ತೇನೆ, ಮೂರನೆಯದನ್ನು ತಗೊ. ಆ ಪುಟ್ಟ ತಗಡಿನ ಪೆಟ್ಟಿಗೆಯನ್ನು. ಒಂದು ಸಲಕ್ಕೆ ಒಂದೇ ಸ್ವರ, ಪರದೆ ಇಲ್ಲ, ಮೆಮೊರಿ ಇಲ್ಲ, ಮೈತುಂಬ ನಾಬ್. ಕಣ್ಣಿಗೆ ಕಾಣುವುದೇ ಕಿವಿಗೆ ಕೇಳುವುದು. ಯಾರಾದರೂ ಬಂದು ಒಂದು ನಾಬ್ ಮುಟ್ಟಿದರೆ ನಿನ್ನ ಸದ್ದು ಹೋಯಿತು, ಮತ್ತೆ ಕೈಯಿಂದ ಕಟ್ಟಬೇಕು. ಕಟ್ಟು, ಏನಾಯಿತು? ನೂರು ಸಲ ಕಟ್ಟಿದರೆ ಕೈಗೇ ಬರುತ್ತದೆ. ನೀನು ಈಗಲೇ ‘ಅಮ್ಮಾ!’ ಎಂದು ಕಿರುಚುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ. ಕಿರುಚಿಕೊ. ನಿಮ್ಮಪ್ಪ ತೀರಿಕೊಂಡ ಮೇಲೆ ಇಪ್ಪತ್ತೊಂದು ವರ್ಷ ಈ ಬೆಂಚಿನ ಮೇಲೆ ಕೂತವಳು ನಾನು. ಸದ್ದನ್ನು ಪೆಟ್ಟಿಗೆಯ ಕೈಗೆ ಒಪ್ಪಿಸಿ ನಿಶ್ಚಿಂತೆಯಿಂದ ಇರುವವರನ್ನು ಕಂಡರೆ ನನಗೆ ಈಗೀಗ ಮೈ ಉರಿಯುತ್ತದೆ.

ಯಾವುದನ್ನೇ ತೆಗೆದುಕೊ, ಅಂಗಡಿಯವನು ಹೆಡ್‌ಫೋನ್ ಕೊಟ್ಟರೆ ವಾಪಸ್ ಕೊಡು. ಹೆಡ್‌ಫೋನ್‌ನಲ್ಲಿ ಎಲ್ಲ ಬಾಸೂ ಗಂಡುಗಲಿಯೇ. ದೊಡ್ಡ ಸ್ಪೀಕರಿಗೆ ಹಾಕಿಸು, ಕಿಕ್ ಡ್ರಮ್ ಜೊತೆ ನುಡಿಸು, ಎರಡೂ ಬೇರೆ ಬೇರೆಯಾಗಿ ಹೊಟ್ಟೆಗೆ ತಗಲುತ್ತವಾ ನೋಡು. ಅರ್ಧ ಗಂಟೆ ಆನ್ ಮಾಡಿಟ್ಟು ಶ್ರುತಿ ಕದಲುತ್ತದಾ ಕೇಳು. ನಾಬ್‌ಗಳನ್ನು ಹಲ್ಲು ಅಲ್ಲಾಡಿಸಿ ನೋಡುವ ಹಾಗೆ ಒಂದೊಂದಾಗಿ ಅಲ್ಲಾಡಿಸಿ ನೋಡು, ಅದು ನಿನಗೆ ಹೇಳಿಕೊಡಬೇಕಾಗಿಲ್ಲ.

ಡ್ರೈಕ್ಲೀನಿಂಗಿನವಳು ಇದನ್ನೆಲ್ಲ ಕೇಳಿ, ‘ಕಂಪ್ಯೂಟರಲ್ಲೇ ಎಲ್ಲಾ ಆಗುತ್ತಂತಲ್ಲ, ಇಷ್ಟೊಂದು ಡಬ್ಬ ಯಾಕೆ?’ ಎಂದಳು. ನಿಮ್ಮ ಇಸ್ತ್ರಿಯನ್ನೂ ಕಂಪ್ಯೂಟರಿನಲ್ಲೇ ಮಾಡಿ ಎಂದೆ. ಎರಡು ದಿನ ಮಾತು ಬಿಟ್ಟಿದ್ದಳು.

ಬಾಸ್ ವಿಷಯ. ಬೆಂಚಿನ ಮೇಲೆ ಕೆಲಸ ರಾಶಿ ಬಿದ್ದಿದೆ, ಸ್ವಲ್ಪ ತಾಳು. ಆ ಬಾಸಿಗೆ ಅವನಿಟ್ಟ ಹೆಸರು ನೋಡು, ‘ಅಮ್ಮ ಬಂದ್ಳು’. ಪರದೆಯಲ್ಲಿ ಎಂಟೇ ಇಂಗ್ಲಿಷ್ ಅಕ್ಷರ ಹಿಡಿಯುವುದು, ಬಾಲ ಕತ್ತರಿಸಿ ತುರುಕಿದ್ದ. ಕೆಳಗೆ ಕೂತು ನುಡಿಸುತ್ತಿದ್ದಾಗ ಮೇಲಿಂದ ನಾನು ಇಳಿದು ಬರುವ ಸದ್ದಂತೆ ಅದು. ಒಂದು ಹೆಜ್ಜೆ ಭಾರ, ಒಂದು ಹಗುರ, ಕೊನೆಯ ಮೆಟ್ಟಿಲಲ್ಲಿ ಚಪ್ಪಲಿ ಒಂದು ಚೂರು ಎಳೆಯುವುದು. ಹೆತ್ತ ತಾಯಿಯ ನಡಿಗೆಗೆ ಜನರನ್ನು ಕುಣಿಸಿದ ಮಗ ಅವನೊಬ್ಬನೇ ಇರಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಿವಿಗೆ ಹತ್ತಿ ಇಟ್ಟುಕೊಂಡು ನುಡಿಸು. ನೀನು ಹಿಡಿದ ಕೆಲಸ ಕೈಗೂಡಲಿ.

ನಿನ್ನ
ಅಮ್ಮ

ಮತ್ತೆ: ಅಣ್ಣನ ಸಿಂಥ್ ಅದರ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಮೇಲೆ ಧೂಳೂ ಕೂರಲು ಬಿಟ್ಟಿಲ್ಲ.


ಮಾರ್ಚ್ 27, ಗುರುವಾರ
ಅಂಗಡಿ

ಮರೀ,

ನಿನ್ನ ಪತ್ರ ಸೋಮವಾರವೇ ಬಂತು. ಫೋನೂ ಮೂರು ಸಲ ಬಂತು, ಎತ್ತಲಿಲ್ಲ, ಕ್ಷಮಿಸು. ನಿನ್ನ ಧ್ವನಿ ಕೇಳಿದರೆ ನನ್ನ ಬಾಯಲ್ಲಿ ಸುಳ್ಳು ಸಲೀಸಾಗಿ ಬರುತ್ತದೆ. ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ.

ಕೊನೆಗೂ ನನ್ನ ಮಾತು ಕೇಳಲಿಲ್ಲ ನೀನು. ಎರಡನೆಯದನ್ನೇ ಕೊಂಡೆ. ‘ಒಂದು ಗಂಟೇಲಿ ಹನ್ನೆರಡು ಸದ್ದು ಬದಲಾಯಿಸ್ಬೇಕು ಅಮ್ಮಾ, ಪ್ರತಿ ಸಲ ನಾಬ್ ತಿರುಗಿಸ್ತಾ ಕೂತ್ರೆ ಜನ ಎದ್ದು ಮನೆಗೆ ಹೋಗ್ತಾರೆ. ಮೆಮೊರಿ ಇರೋದ್ರ ಮೇಲೆ ನಿನಗ್ಯಾಕೆ ಇಷ್ಟು ಸಿಟ್ಟು?’ ಎಂದು ಕೇಳಿದ್ದೀಯ. ಸರಿಯಾದ ಪ್ರಶ್ನೆ. ನೀನು ಆರಿಸಿದ್ದೂ ಸರಿಯಾದದ್ದನ್ನೇ. ಅಣ್ಣ ಇದ್ದಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ. ಅಮ್ಮನಿಗೆ ವಯಸ್ಸಾಯಿತು ಎಂದು ನನ್ನನ್ನು ಗೇಲಿ ಮಾಡುತ್ತಿದ್ದ. ಅಂಗಡಿಯವನು ಎರಡು ಗಂಟೆ ಸ್ಪೀಕರಿಗೆ ಹಾಕಿ ನುಡಿಸಲು ಬಿಟ್ಟನಂತೆ, ಕೊನೆಗೆ ಅವನೇ ಕಾಲು ತಟ್ಟುತ್ತಾ ನಿಂತನಂತೆ. ಆ ಭಾಗವನ್ನು ಎರಡು ಸಲ ಓದಿದೆ. ಹಲ್ಲು ತಿದ್ದುವ ಕೈ ಅಂಗಡಿಯವನನ್ನೂ ಕುಣಿಸಿತಲ್ಲ.

ಈಗಿನ ಸಿಂಥ್‌ಗಳಲ್ಲಿ ಮೆಮೊರಿ ಅಳಿಸಿ ಹೋಗುವುದಿಲ್ಲ ಎಂದು ನನಗೂ ಗೊತ್ತು. ಹಳೆಯವುಗಳ ಹಾಗೆ ಒಳಗೆ ಮೆಮೊರಿ ಕಾಯುವ ನಾಣ್ಯದಂಥ ಬ್ಯಾಟರಿ ಇಲ್ಲ ಅವುಗಳಲ್ಲಿ. ಆದರೂ ವಾರಕ್ಕೊಮ್ಮೆ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊ. ಇಲ್ಲಿ ಬೆಂಚಿನ ಎದುರಿನ ಗೋಡೆಯ ಮೇಲೆ ಅಣ್ಣ ದಪ್ಪ ಮಾರ್ಕರಿನಲ್ಲಿ ಬರೆದು ಅಂಟಿಸಿದ ಹಾಳೆ ಹಾಗೇ ಇದೆ: ‘ಮೊದಲು ಸದ್ದು ಇಳಿಸಿಕೊ, ಆಮೇಲೆ ಮುಚ್ಚಳ ತೆಗೆ’. ಹದಿನಾರು ವರ್ಷಕ್ಕೆ ಬರೆದದ್ದು ಅದು. ಅವನು ಯಾರದೋ ಸಿಂಥ್ ಬಿಚ್ಚಿ, ಬ್ಯಾಟರಿ ಕಿತ್ತು, ಆ ಮನುಷ್ಯನ ಹತ್ತು ವರ್ಷದ ಸದ್ದು ಅಳಿಸಿ ಹಾಕಿದ್ದ. ನಾನು ಕೆನ್ನೆಗೆ ಬಾರಿಸಿದ್ದೆ. ನೀನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಅಂದಿನಿಂದ ಅಂಗಡಿಗೆ ಬಂದ ಪ್ರತಿಯೊಂದರ ಬೆನ್ನಿಗೂ ಬಿಳಿ ಚೀಟಿ ಅಂಟಿಸುತ್ತೇವೆ, ಬ್ಯಾಟರಿ ಹಾಕಿದ ದಿನ, ಮುಂದೆ ಬದಲಾಯಿಸಬೇಕಾದ ದಿನ. ಈ ಊರಿನಲ್ಲಿ ನನ್ನ ಕೈಬರಹದ ಚೀಟಿ ಇಲ್ಲದ ಹಳೆಯ ಸಿಂಥ್ ಸಿಗುವುದು ಕಷ್ಟ.

ಮಂಡಿ ಹಾಗೇ ಇದೆ. ಇಷ್ಟೇ ಬಗ್ಗುವುದು, ಇನ್ನು ಮುಂದೆ ಇದೇ ಎಂದು ಡಾಕ್ಟರು ಹೇಳಿಬಿಟ್ಟರು. ಅವರ ಎದುರಿಗೆ ಅಳಬಾರದೆಂದುಕೊಂಡಿದ್ದೆ, ಅತ್ತೆ. ಮಂಡಿ ನೋವಿಗೆ ಎಂದುಕೊಂಡು ಮಾತ್ರೆ ಬರೆದುಕೊಟ್ಟರು.

ಅಣ್ಣನನ್ನು ಮಲಗಿಸಿದ್ದ ವಾರ್ಡಿನ ಮುಂದೆಯೇ ಹಾದು ಆ ಡಾಕ್ಟರ ಬಳಿಗೆ ಹೋಗಬೇಕು. ಹನ್ನೊಂದು ವಾರ ದಿನಾ ಓಡಾಡಿದ ದಾರಿ. ಕೊನೆಕೊನೆಗೆ ಅವನ ರಕ್ತದಲ್ಲಿ ಏನೂ ಉಳಿದಿರಲಿಲ್ಲ, ಆದರೂ ಹೊದಿಕೆಯ ಮೇಲೆ ಬೆರಳಿನಿಂದ ಬೀಟ್ ತಟ್ಟುತ್ತಿದ್ದ. ನರ್ಸ್ ಬಂದರೆ ಒಂದು ಬೀಟ್, ಊಟದ ಗಾಡಿ ಬಂದರೆ ಇನ್ನೊಂದು. ನಾನು ಬಂದರೆ ನನ್ನದು. ನಾನು ಬಾಗಿಲಿಗೆ ಬರುವ ಮೊದಲೇ, ಕಣ್ಣು ಮುಚ್ಚಿಕೊಂಡೇ, ತಟ್ಟಲು ಶುರು ಮಾಡಿರುತ್ತಿದ್ದ ಎಂದು ಪಕ್ಕದ ಹಾಸಿಗೆಯವರು ಹೇಳಿದರು.

‘ಮೆಮೊರಿಯ ಒಂದನೇ ಜಾಗ ಖಾಲಿ ಬಿಟ್ಟಿದ್ದೀನಿ, ಅಲ್ಲಿ ಅಮ್ಮ ಬಂದ್ಳು ಕೂರ್ಬೇಕು, ಶುಕ್ರವಾರದೊಳಗೆ ಕಳ್ಸು’ ಎಂದಿದ್ದೀಯ. ನಾಳೆಯೇ ಶುಕ್ರವಾರ. ಕಳಿಸುವ ವಿಷಯ ಇನ್ನೊಂದು ದಿನ ಬರೆಯುತ್ತೇನೆ. ಹೊಸ ಸಿಂಥ್ ನಿನ್ನ ಕೈಗೆ ಒಗ್ಗಲಿ. ಅದರ ಮೇಲೆ ಬಿಯರ್ ಚೆಲ್ಲದ ಜನರ ನಡುವೆ ನೀನು ನೂರು ವರ್ಷ ಬಾಳು.

ಅಮ್ಮ

ಮತ್ತೆ: ಲಕೋಟೆ ಅಂಟಿಸಿಕೊಂಡು ಅಂಚೆ ಡಬ್ಬಿಯವರೆಗೆ ಹೋಗಿ ವಾಪಸ್ ಬಂದೆ. ಕೋಲೂರಿಕೊಂಡು ಹೋಗಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಲಕೋಟೆ ಹರಿದು ಇದನ್ನು ಸೇರಿಸುತ್ತಿದ್ದೇನೆ.

ಒಂದನೇ ಜಾಗಕ್ಕೆ ಹಾಕಲು ನನ್ನ ಹತ್ತಿರ ಏನೂ ಇಲ್ಲ ಮರೀ. ಅಣ್ಣನ ಸಿಂಥ್‌ನಲ್ಲಿ ಒಂದು ಸದ್ದೂ ಉಳಿದಿಲ್ಲ. ಜನವರಿಯಲ್ಲಿ ನಿನ್ನ ಪತ್ರ ಬಂದ ದಿನವೇ ಪೆಟ್ಟಿಗೆ ತೆರೆದೆ, ಎರಡು ವರ್ಷದಲ್ಲಿ ಮೊದಲ ಸಲ. ಕರೆಂಟ್ ಕೊಟ್ಟೆ. ಪರದೆ ಹೊತ್ತಿಕೊಂಡಿತು, ಅವನಿಟ್ಟ ಹೆಸರುಗಳ ಜಾಗದಲ್ಲಿ ಅಕ್ಷರವೇ ಅಲ್ಲದ ಗೀರುಗಳು. ಮೊದಲನೆಯದನ್ನು ನೋಡಿದಾಗಲೇ ಗೊತ್ತಾಯಿತು, ಆದರೂ ಅರವತ್ತನಾಲ್ಕು ಜಾಗವನ್ನೂ ಒಂದೊಂದಾಗಿ ಒತ್ತಿ ನೋಡಿದೆ. ಆಮೇಲೆ ಮುಚ್ಚಳ ತೆಗೆದು ಬ್ಯಾಟರಿಗೆ ಮೀಟರ್ ಹಿಡಿದೆ. ಮುಳ್ಳು ಅಲ್ಲಾಡಲಿಲ್ಲ.

ಅವನು ನನಗೆ ಹೇಳಿದ್ದ. ಮರೆತಿದ್ದೆ ಎಂದು ನಿನಗೆ ಬರೆಯಬಹುದಿತ್ತು, ಮರೆತಿರಲಿಲ್ಲ. ಆಸ್ಪತ್ರೆಗೆ ಸೇರಿದ ಮೊದಲ ವಾರವೇ ಹೇಳಿದ, ‘ಅಮ್ಮಾ, ನನ್ನದ್ರಲ್ಲಿ ಬ್ಯಾಟರಿ ಕಮ್ಮಿ ಅಂತ ತೋರಿಸ್ತಿದೆ, ಒಂದ್ಸಲ ಸದ್ದು ಇಳಿಸ್ಕೊಂಡು ಬದಲಾಯಿಸ್ಬಿಡು’ ಎಂದು. ‘ನೀನೇ ಬಂದು ಹಾಕ್ಕೊ, ನಾನೇನು ನಿನ್ನ ಆಳಾ?’ ಎಂದೆ, ನಗಿಸಲು. ಇನ್ನೊಮ್ಮೆ ಹೇಳಿದಾಗಲೂ ಹಾಗೇ ಅಂದೆ. ಮೂರನೇ ಸಲ, ಅದು ಒಂಬತ್ತನೇ ವಾರ, ಬೈದುಬಿಟ್ಟೆ, ಇನ್ನು ಅದರ ಮಾತು ಎತ್ತಬೇಡ ಎಂದು. ಆ ಬ್ಯಾಟರಿಯನ್ನು ನಾನು ಬದಲಾಯಿಸಿದರೆ ಅವನು ಬರುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತು. ಆ ಕೆಲಸ ಅವನಿಗಾಗಿ ಬಾಕಿ ಇದ್ದರೆ ಅವನು ಬರಲೇಬೇಕಲ್ಲ, ಅಂಥ ಹುಚ್ಚು. ಅವನು ಹೋದ ಮೇಲೆ ಪೆಟ್ಟಿಗೆ ಮುಟ್ಟಲು ಕೈ ಏಳಲಿಲ್ಲ. ಊರಿನವರ ಸಿಂಥ್‌ಗೆಲ್ಲ ಚೀಟಿ ಅಂಟಿಸಿದವಳು ನನ್ನ ಮಗನದನ್ನು ಹೀಗೆ ಸಾಯಲು ಬಿಟ್ಟೆ. ನೀನು ಮೊದಲ ಸಲ ಕೇಳಿದಾಗಲೇ ಕೊಟ್ಟಿದ್ದರೆ ಉಳಿಯುತ್ತಿತ್ತು.

ನೆಲ ಒದ್ದೆಯಿತ್ತು ಎಂದೆ. ನೆಲ ಒಣಗೇ ಇತ್ತು. ಆ ಪೆಟ್ಟಿಗೆ ಮುಚ್ಚಿ ಮೆಟ್ಟಿಲು ಹತ್ತುವಾಗ ಬಿದ್ದೆ. ಬೆಂಚಿನ ಮೇಲೆ ಕೆಲಸ ರಾಶಿ ಬಿದ್ದಿದೆ ಎಂದದ್ದೂ ಸುಳ್ಳು. ಬಂದವರನ್ನೆಲ್ಲ ವಾಪಸ್ ಕಳಿಸಿ, ಅವನ ಸಿಂಥ್ ಮುಂದೆಯೇ ಕೂತು ಆ ಬಾಸನ್ನು ಕಟ್ಟಲು ನೋಡುತ್ತಿದ್ದೇನೆ. ಹದಿನೇಳು ಸಲ ಕಟ್ಟಿದೆ. ಪ್ರತಿ ಸಲವೂ ಆ ಸದ್ದಿನಲ್ಲಿ ಮೆಟ್ಟಿಲಿಳಿದು ಯಾರೋ ಬರುತ್ತಾರೆ, ಅದು ನಾನು ಹೌದೋ ಅಲ್ಲವೋ ನನಗೆ ತಿಳಿಯುವುದಿಲ್ಲ. ಡ್ರೈಕ್ಲೀನಿಂಗಿನವಳನ್ನು ಕರೆದು ಕೇಳಿಸಿದೆ. ‘ನೀವೇ ಅಕ್ಕಾ, ನೀವೇ’ ಎಂದು ನನ್ನ ಕೈ ಹಿಡಿದುಕೊಂಡಳು. ಅವಳು ಕನಿಕರಕ್ಕೆ ಹೇಳಿದ್ದು. ಕೆಳಗೆ ಕೂತು ನನ್ನ ಹೆಜ್ಜೆ ಕೇಳಿದವರು ನೀವಿಬ್ಬರೇ. ಇಳಿಯುತ್ತಿದ್ದವಳು ನಾನು, ನನಗೆ ಹೇಗೆ ಗೊತ್ತಾಗಬೇಕು?

ನೀನು ಬೈಯುವುದಿದೆ. ಫೋನಿನಲ್ಲಿ ಬೇಡ. ಹನ್ನೆರಡಕ್ಕೆ ಮೊದಲು ಒಂದು ದಿನ ಬಾ, ಎದುರಿಗೆ ನಿಂತು ಬೈ, ಬಾರಿಸಬೇಕೆನಿಸಿದರೆ ಬಾರಿಸು. ಆಮೇಲೆ ಕೆಳಗೆ ಅವನ ಸ್ಟೂಲಿನ ಮೇಲೆ ಕೂತುಕೊ. ಒಂದನೇ ಜಾಗವನ್ನು ಅಲ್ಲಿಯವರೆಗೆ ಖಾಲಿಯೇ ಬಿಟ್ಟಿರು. ನಾನು ಕೋಲು ಬಿಟ್ಟು ಮೇಲಿಂದ ಇಳಿದು ಬರುತ್ತೇನೆ, ಎಷ್ಟು ಸಲ ಬೇಕಾದರೂ ಇಳಿಯುತ್ತೇನೆ. ಈ ಮಂಡಿಯಲ್ಲಿ ಆ ಹೆಜ್ಜೆ ಇನ್ನೂ ಒಂದಾದರೂ ಉಳಿದಿದೆಯಾ ಎಂದು ಕೇಳಿ ಹೇಳು.